ರಾಮರಾಯನಿಗೆ ಗೊತ್ತಿರದಿದ್ದದ್ದು

ನಿಡಗುಂದಿಯಿಂದ ಮುದ್ದೇಬಿಹಾಳದ ಹಾದಿ ಹಿಡಿದು ಮುಂದೆ ಹೋದರೆ ಕೃಷ್ಣೆಯ ದಂಡೆಗೆ ರಕ್ಕಸಗಿ, ತಂಗಡಗಿ ಸಿಗುತ್ತವೆ. 1565ರ ಜನವರಿಯಲ್ಲಿ ದಖ್ಖನ್ನಿನ ಸುಲ್ತಾನರ ಒಕ್ಕೂಟಕ್ಕೆ ವಿಜಯನಗರ ಸೋತ ಯುದ್ಧಕ್ಕೆ ಹೆಸರು ಕೊಟ್ಟ ಊರುಗಳಿವು. ಕಾಳಗ ನಡೆದದ್ದು ಯಾವ ಬಯಲಿನಲ್ಲಿ ಎಂಬ ತಕರಾರು ಇತಿಹಾಸಕಾರರದ್ದು. ಕಾದಂಬರಿಕಾರನ ತಾಪತ್ರಯ ಬೇರೆ: ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯನ ತಲೆ ಉರುಳುವುದು ಶಾಲೆಯ ಮಕ್ಕಳಿಗೂ ಗೊತ್ತು. ಇನ್ನು ಓದುಗ ಯಾವುದಕ್ಕಾಗಿ ಪುಟ ತಿರುವಬೇಕು?

ಓದುಗನಿಗೆ ತಿಳಿದದ್ದು ರಾಮರಾಯನಿಗೆ ತಿಳಿದಿಲ್ಲ. ಇರುವ ಬಂಡವಾಳ ಅಷ್ಟೇ. ಆದರೆ ಅವನ ತಪ್ಪು ನಂಬಿಕೆಗೆ ಗಟ್ಟಿ ಆಧಾರ ಬೇಕು. ಅವನನ್ನು ಬರೀ ಸೊಕ್ಕಿನ ಮುದುಕನನ್ನಾಗಿಸಿದ ಕಥೆಗಳು ನನಗೆ ಸಪ್ಪೆ ಎನಿಸುವುದು ಇದಕ್ಕೇ. ಆ ಸುಲ್ತಾನರಲ್ಲಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ವರ್ಷಗಟ್ಟಲೆ ಗೆದ್ದವನು ಅವನು. ಬಿಜಾಪುರದ ಸುಲ್ತಾನ ಅಲಿ ಆದಿಲಶಾಹ ವಿಜಯನಗರಕ್ಕೇ ಬಂದಾಗ ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳೆಂದು ಚರಿತ್ರೆಕಾರ ಫೆರಿಷ್ತಾ ಬರೆಯುತ್ತಾನೆ. ಈ ಸುಲ್ತಾನರು ಒಂದಾಗಲಾರರು ಎಂದು ಯಾರಾದರೂ ನಂಬಬಹುದಿತ್ತು.

ಅತ್ತ ಅಹ್ಮದನಗರದ ಹುಸೇನ್ ನಿಜಾಮಶಾಹ ಮಗಳು ಚಾಂದಬೀಬಿಯನ್ನು ಅದೇ ಅಲಿಗೆ ಕೊಟ್ಟು, ಜೊತೆಗೆ ಸೊಲ್ಲಾಪುರದ ಕೋಟೆಯನ್ನೂ ಬಿಟ್ಟುಕೊಟ್ಟ. ಓದುಗನಿಗೆ ಮೊದಲು ಈ ಮದುವೆಯ ಊಟ ಹಾಕಿಸಿ, ಆಮೇಲೆ ರಾಯಚೂರು, ಮುದಗಲ್ಲು ಮರಳಿ ಕೇಳಲು ಬಂದ ಬಿಜಾಪುರದ ರಾಯಭಾರಿಯನ್ನು ರಾಮರಾಯ ಗದರಿಸಿ ಅಟ್ಟುವುದನ್ನು ತೋರಿಸಿದರೆ ಸಾಕು. ಯುದ್ಧದ ವರ್ಣನೆ ಬೇಕಿಲ್ಲ, ಎದೆ ಆಗಲೇ ಬಡಿದುಕೊಳ್ಳುತ್ತಿರುತ್ತದೆ.

ಸುಲ್ತಾನರ ಸೈನ್ಯ ಕೃಷ್ಣಾ ಹೊಳೆ ದಾಟಿದ ಪ್ರಸಂಗವಂತೂ ಬರೆಯುವವನಿಗೆ ಸಿಕ್ಕ ನಿಧಿ. ಫೆರಿಷ್ತಾನ ಪ್ರಕಾರ, ಸೈನ್ಯ ದಾಟಬಹುದಾದ ಜಾಗಕ್ಕೆ ವಿಜಯನಗರದವರು ತೋಪುಗಳ ಕಾವಲು ಹಾಕಿದ್ದರು. ಸುಲ್ತಾನರು ಡೇರೆ ಕಿತ್ತು, ಬೇರೆಲ್ಲೋ ದಾಟುವವರಂತೆ ದಂಡೆಗುಂಟ ನಡೆದರು. ಈಚೆಯವರೂ ಅವರ ಸಮಕ್ಕೆ ನಡೆದರು. ಮೂರು ದಿನ ಹೀಗೇ ಸಾಗಿತು. ಆಮೇಲೆ ರಾತ್ರೋರಾತ್ರಿ ಹಿಂದಿರುಗಿದ ಸುಲ್ತಾನರು, ಕಾವಲು ತೆಗೆದಿದ್ದ ಹಳೆಯ ಜಾಗದಲ್ಲೇ ದಾಟಿದರು.

ನಾನು ಬರೆದರೆ ಇದನ್ನು ಒಬ್ಬ ಕಾವಲುಗಾರನ ಕಣ್ಣಿನಿಂದ ಬರೆದೇನು. ‘ಹೊಂಟಾರ್ರೀ, ಆನಿ ಸುದ್ದಾ ಹೊಂಟಾವು’ ಎಂದು ಅವನು ಸುದ್ದಿ ತರುತ್ತಾನೆ. ಅವನು ಕಂಡದ್ದರಲ್ಲಿ ಒಂದೂ ಸುಳ್ಳಲ್ಲ. ಕೇಳಿದವರು ಕಟ್ಟಿಕೊಂಡ ಅರ್ಥ ಮಾತ್ರ ಸುಳ್ಳು.

ಯುದ್ಧವಾಗಿ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಪಕ್ಷ ಬದಲಿಸಿದ ಕಥೆ ಹೇಳುತ್ತಾನೆ. ಇದನ್ನು ಒಪ್ಪದ ಇತಿಹಾಸಕಾರರಿದ್ದಾರೆ. ಕಥೆಗಾರನಿಗೂ ಇದು ಅಪಾಯದ ಸರಕು. ಕಡೆಯ ಗಳಿಗೆಯಲ್ಲಿ ತಂದು ಸುರಿದರೆ ಬರೀ ಆಕಸ್ಮಿಕವಾಗುತ್ತದೆ. ಬಳಸಲೇಬೇಕೆಂದರೆ ಆ ಸರದಾರರು ಮೊದಲ ಅಧ್ಯಾಯದಿಂದಲೇ ರಾಮರಾಯನ ಪಕ್ಕದಲ್ಲಿರಲಿ. ಅವರ ಬಿಡಾರಕ್ಕೆ ರಾತ್ರಿ ಯಾರು ಬಂದುಹೋಗುತ್ತಾರೆಂಬುದು ಓದುಗನಿಗಷ್ಟೇ ಗೊತ್ತಿರಲಿ.