ಠಾಣೆ ಸೇರಿದ ಕೋವಿ



ಹಂದಿ ಕಾಯಲೆಂದು ಕೋವಿ ಇಟ್ಟುಕೊಂಡಿರುವ ಮನೆಗಳು ನಮ್ಮ ಮಲೆನಾಡಿನಲ್ಲಿ ಬಹಳ. ಕೆಲವರಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ಇನ್ನು ಕೆಲವರಲ್ಲಿ ಒಂಟಿ ನಳಿಗೆಯ ತೋಟಾ ಕೋವಿ. ದನ ಎಮ್ಮೆಯ ಹಾಗೆ ಅದೂ ಮನೆಯ ಸ್ವತ್ತು ಅಂತ ನಾವು ತಿಳಿದಿರುತ್ತೇವೆ. ಸ್ವತ್ತೇನೋ ಹೌದು. ಆದರೆ ಅಣ್ಣ ತನ್ನ ಎಮ್ಮೆಯನ್ನು ತಮ್ಮನ ಕೊಟ್ಟಿಗೆಗೆ ಅಟ್ಟಿದರೆ ಕೇಳುವವರಿಲ್ಲ. ಕೋವಿ ಕೈ ಬದಲಾಯಿಸಬೇಕಾದರೆ ಮಾತ್ರ ಪ್ರತಿ ಸಾರಿಯೂ ಕಾಗದ ಬೇಕು. ನ್ಯಾಯಾಲಯವೇ ‘ಕೊಡಿ’ ಎಂದರೂ ಬೇಕು.

ಒಂದು ಮನೆಯ ಸಂಗತಿ ಎಂದಿಟ್ಟುಕೊಳ್ಳಿ. ಅಡಿಕೆ ತೋಟದ ಬೇಲಿಯ ವಿಚಾರದಲ್ಲಿ ಪಕ್ಕದವರೊಡನೆ ಜಗಳವಾಯಿತು. ಅಣ್ಣ ಸಿಟ್ಟಿನಲ್ಲಿ ಕೋವಿ ಎತ್ತಿ ಹೆದರಿಸಿದ. ಗುಂಡು ಹಾರಲಿಲ್ಲ, ಪುಣ್ಯ. ಆದರೂ ದೂರು ಹೋಯಿತು, ಪೊಲೀಸರು ಬಂದು ಕೋವಿಯನ್ನು ವಶಕ್ಕೆ ತೆಗೆದುಕೊಂಡರು. ಆಗ ಮನೆಯವರು ಏನು ಮಾಡಬೇಕು? ಅಳುತ್ತ ಕೂರುವುದಲ್ಲ, ತಡೆಯುವುದಂತೂ ಅಲ್ಲವೇ ಅಲ್ಲ. ಮಹಜರನ್ನು ಓದಿಸಿ ಕೇಳಿ. ಕೋವಿಯ ನಂಬರು, ನಳಿಗೆ ಒಂದೋ ಎರಡೋ, ತೋಟಾ ಎಷ್ಟು, ಎಲ್ಲವೂ ಸರಿಯಾಗಿ ಬರೆದಿದೆಯೇ ನೋಡಿ. ಆಮೇಲೆ ರುಜು ಹಾಕಿ, ನಕಲು ಕೇಳಿ.

ಹೀಗೆ ವಶಪಡಿಸಿಕೊಂಡ ಮೇಲೆ ಕೋವಿ ಠಾಣೆಯ ಸ್ವತ್ತಾಗುವುದಿಲ್ಲ. ವಶಪಡಿಸಿಕೊಂಡ ಸಂಗತಿಯನ್ನು ಪೊಲೀಸರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 102ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 106ನೆಯ ಕಲಮು. ಈ ವರದಿ ಹೋದ ಮೇಲೆ ಕೋವಿಯನ್ನು ಯಾರಿಗೆ ಕೊಡಬೇಕು, ಎಲ್ಲಿಡಬೇಕು ಎಂದು ಹೇಳುವ ಅಧಿಕಾರ ನ್ಯಾಯಾಲಯದ್ದು. ಆದ್ದರಿಂದ ಠಾಣೆಯ ಬಾಗಿಲು ಹತ್ತು ಸಾರಿ ತುಳಿಯುವುದಕ್ಕಿಂತ, ವಕೀಲರ ಮೂಲಕ ಆ ನ್ಯಾಯಾಲಯಕ್ಕೆ ಒಂದು ಅರ್ಜಿ ಹಾಕುವುದು ಲೇಸು.

ಸರಿ, ಮೊಕದ್ದಮೆ ನಡೆಯಿತು, ಅಣ್ಣನ ಮೇಲಿನ ಆರೋಪ ಬಿದ್ದುಹೋಯಿತು, ಕೋವಿ ಹಿಂದಿರುಗಿಸಿ ಎಂದು ಆಜ್ಞೆಯೂ ಆಯಿತು. ಅಣ್ಣನಿಗೆ ಸೊಂಟನೋವು. ತಮ್ಮ ಆಜ್ಞೆಯ ಪ್ರತಿ ಹಿಡಿದು ಠಾಣೆಗೆ ಹೋದ. ಅವರು ಕೊಡಲಿಲ್ಲ. “ಏನ್ ಸ್ವಾಮಿ, ಜಡ್ಜೇ ಕೊಡಿ ಅಂದಿದಾರಲ್ಲ?” ಅಂದ. ಅವನ ಮಾತು ನ್ಯಾಯವಾಗೇ ಕೇಳುತ್ತದೆ. ಆದರೆ ತಮ್ಮನ ಹೆಸರಿನಲ್ಲಿ ಲೈಸೆನ್ಸಿಲ್ಲ. ಅಣ್ಣನ ಲೈಸೆನ್ಸೋ, ಮೊಕದ್ದಮೆ ನಡೆಯುತ್ತಿದ್ದ ಕಾಲದಲ್ಲೇ ಅವಧಿ ಮುಗಿದು ಕೂತಿದೆ. ಆಜ್ಞೆಯಿಂದ ಸ್ವತ್ತು ಯಾರದೆಂಬುದು ತೀರ್ಮಾನವಾಯಿತೇ ಹೊರತು, ಅದನ್ನು ಹಿಡಿಯುವ ಅಪ್ಪಣೆ ಬೇರೆಯೇ. ಆ ಅಪ್ಪಣೆಯನ್ನು 1959ರ ಆಯುಧ ಕಾಯಿದೆಯಂತೆ ಕೊಡುವವರು ಲೈಸೆನ್ಸ್ ಅಧಿಕಾರಿಗಳು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಕೋವಿ ಠಾಣೆಯಲ್ಲಿದೆ ಎಂದು ನವೀಕರಣ ಮರೆತರೆ ಕೆಟ್ಟಿತು. ಮಹಜರಿನ ನಕಲನ್ನು ಲಗತ್ತಿಸಿ ಅವಧಿಗೆ ಮೊದಲೇ ಅರ್ಜಿ ಹಾಕಿ.

ಆಯುಧ ಕಾಯಿದೆಯ ಪ್ರಕಾರವೇ ಶಿಕ್ಷೆಯಾದರೆ ಮಾತು ಬೇರೆ. ನ್ಯಾಯಾಲಯ ಲೈಸೆನ್ಸನ್ನು ರದ್ದು ಮಾಡಬಹುದು, ಕೋವಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಅಪೀಲಿನಲ್ಲಿ ಶಿಕ್ಷೆ ಬಿದ್ದುಹೋದರೆ ಆ ಎರಡೂ ಆಜ್ಞೆಗಳು ತಾವಾಗಿಯೇ ಬಿದ್ದುಹೋಗುತ್ತವೆ. (ಇನ್ನೊಂದು ಮಾತು: ಬೆಳೆ ಕಾಯುವ ಲೈಸೆನ್ಸಿದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಅಪ್ಪಣೆ ಸಿಕ್ಕಿದಂತಲ್ಲ. ಅದು ಅರಣ್ಯ ಇಲಾಖೆಯ ವಿಚಾರ.)

ಕೊಡಗಿನ ಶ್ರೋತೃಗಳು “ನಮಗೆ ಲೈಸೆನ್ಸೇ ಬೇಡವಲ್ಲ” ಎನ್ನಬಹುದು. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅಪರಾಧದ ಮೊಕದ್ದಮೆಯಲ್ಲಿ ಕೋವಿ ವಶವಾದರೆ ಮಹಜರು, ವರದಿ, ನ್ಯಾಯಾಲಯದ ಆಜ್ಞೆ ಅವರಿಗೂ ತಪ್ಪಿದ್ದಲ್ಲ.

ಜಗಳವಿಲ್ಲದ ಮನೆಯಲ್ಲೂ ಒಂದು ಕಾಲ ಬರುತ್ತದೆ. ಲೈಸೆನ್ಸುದಾರರಾದ ತಂದೆ ತೀರಿಕೊಳ್ಳುತ್ತಾರೆ. ಕರ್ಮಾಂತರ ಮುಗಿಯುವ ಹೊತ್ತಿಗೆ ಅಟ್ಟದ ಮೇಲಿನ ಕೋವಿ ಯಾರ ನೆನಪಿನಲ್ಲೂ ಇರುವುದಿಲ್ಲ. ಮಗ ಲೈಸೆನ್ಸಿಲ್ಲದೆ ಅದನ್ನು ಇಟ್ಟುಕೊಂಡರೆ ಅಪರಾಧ. ಈಗಿನ ಕಾನೂನಿನಂತೆ 2ರಿಂದ 5 ವರ್ಷದವರೆಗೆ ಸೆರೆ. ವೃಥಾ ತಡಮಾಡದೆ ಹತ್ತಿರದ ಠಾಣೆಗೆ ಇಲ್ಲವೇ ಲೈಸೆನ್ಸುಳ್ಳ ಕೋವಿ ವ್ಯಾಪಾರಿಗೆ ಒಪ್ಪಿಸಿ ರಸೀತಿ ಪಡೆಯಿರಿ. ಒಪ್ಪಿಸಿದರೆ ಹೋಯಿತು ಎಂದು ಹೆದರಬೇಕಿಲ್ಲ. ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಅಥವಾ ಲೈಸೆನ್ಸಿದ್ದವರಿಗೆ ಮಾರಿಸಿ ಹಣ ಪಡೆಯಬಹುದು. ತಂದೆ ಬದುಕಿರುವಾಗಲೂ ದಾರಿಯಿದೆ: 2016ರ ಆಯುಧ ನಿಯಮಗಳಂತೆ, 70 ವರ್ಷ ತುಂಬಿದವರು ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ತಮ್ಮ ವಾರಸುದಾರರೊಬ್ಬರನ್ನು ಸೂಚಿಸಬಹುದು. ಅಣ್ಣತಮ್ಮಂದಿರು ನಾಲ್ವರಿದ್ದರೆ ಯಾರ ಹೆಸರಿಗೆ ಎಂಬುದನ್ನು ಊಟದ ಪಂಕ್ತಿಯಲ್ಲೇ ಮಾತಾಡಿ ಮುಗಿಸಿಕೊಳ್ಳಿ.

ಒಪ್ಪಿಸಿ ಮರೆತುಬಿಡುವುದು ಮಾತ್ರ ಬೇಡ. ಗೊತ್ತುಪಡಿಸಿದ ಅವಧಿಯೊಳಗೆ ಬಿಡಿಸಿಕೊಳ್ಳದ, ಮಾರದ ಕೋವಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಸರ್ಕಾರಕ್ಕೆ ಸೇರಿಸಬಹುದು. ಅದಕ್ಕೆ ಮುಂಚೆ ನೋಟೀಸು ಬರುತ್ತದೆ. ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿಬಿಡಬೇಡಿ. ಕೈಗೆ ಮುಟ್ಟಿದ ದಿನದಿಂದ ಉತ್ತರ ಕೊಡಲು ಇರುವುದು 30 ದಿನ.