ಮುಪ್ಪುಂಟು, ಮರಣವಿಲ್ಲ

ವಸ್ತುಗಳ ಅಳಿವನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಬಟ್ಟೆ ಪಿಸಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರ ಲಡ್ಡಾಗುತ್ತದೆ, ಎಲೆ ಕೊಳೆಯುತ್ತದೆ, ಕಲ್ಲು ಸವೆಯುತ್ತದೆ. ಇವುಗಳ ಜೊತೆಗೆ ಸಂಸ್ಕೃತದಿಂದ ಬಂದ ‘ಜೀರ್ಣ’ ಎಂಬ ಮಾತೊಂದುಂಟು. ಹಳೆಯ ದೇಗುಲ ಜೀರ್ಣವಾಯಿತು ಎನ್ನುತ್ತೇವೆ. ಉಂಡ ಅನ್ನ ಜೀರ್ಣವಾಯಿತು ಎಂದೂ ಎನ್ನುತ್ತೇವೆ. ಮುದಿಯಾಗುವುದು, ಅರಗುವುದು, ಎರಡೂ ಒಂದೇ ಶಬ್ದದ ಅರ್ಥಗಳು. ಹಳತಾದದ್ದು ಇನ್ನೊಂದರ ಆಹಾರವಾಗಿ ಅದರಲ್ಲಿ ಸೇರಿಹೋಗಬೇಕೆಂಬ ಲೋಕಾನುಭವ ಈ ಶಬ್ದದ ಬೆನ್ನಿಗಿದೆಯೆಂದು ತೋರುತ್ತದೆ. ಆದರೆ ನಮ್ಮ ಕಾಲದಲ್ಲಿ ಈ ಎರಡು ಅರ್ಥಗಳನ್ನೂ ಅಗಲಿಸಿದ ವಸ್ತುವೊಂದು ಮನೆಮನೆಗೆ ಬಂದಿದೆ. ಅದು ಪ್ಲಾಸ್ಟಿಕ್ಕು. ಬಿಸಿಲು ಮಳೆಗಳಿಗೆ ಅದು ಮುದಿಯಾಗುತ್ತದೆ, ಮಣ್ಣಿಗೆ ಅರಗುವುದಿಲ್ಲ.

ಈ ವಿಚಿತ್ರವನ್ನು ನೋಡಲು ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ತಿರುಗಾಡಿದರೆ ಸಾಕು. ಪಶ್ಚಿಮದ ಜೋಯಿಡಾದಲ್ಲಿ ದಟ್ಟವಾದ ಕಾಡು, ಬಿರುಸಾದ ಮಳೆ; ಪೂರ್ವಕ್ಕೆ ಸರಿದಂತೆ ಮಳೆ ತಗ್ಗಿ, ಹಳಿಯಾಳ ಮುಂಡಗೋಡಗಳ ಕಡೆಗೆ ಬಯಲೂ ಬಿಸಿಲೂ ತೆರೆದುಕೊಳ್ಳುತ್ತವೆ. ಅಡಿಕೆ ತೋಟದವರು ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವ ವಾಡಿಕೆಯುಂಟು. ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡುತ್ತಿದ್ದ ಕೊಟ್ಟೆಯ ಜಾಗಕ್ಕೆ ಪಾಲಿಥೀನಿನ ಕೊಟ್ಟೆ ಬಂದಿತು. ಕಟ್ಟಿಗೆಯ ರಾಶಿ, ಹುಲ್ಲಿನ ಬಣವೆ, ದನದ ಕೊಟ್ಟಿಗೆ, ಎಲ್ಲಕ್ಕೂ ಅದೇ ಹೊದಿಕೆ. ಮೊದಲ ವರ್ಷ ಮಿರುಗುವ ಹಾಳೆ ಬೇಸಗೆ ಕಳೆಯುವಷ್ಟರಲ್ಲಿ ಮಂಕಾಗುತ್ತದೆ. ಆಮೇಲೆ ಮಡಿಸಿದಲ್ಲಿ ಸೀಳುತ್ತದೆ. ಕೊನೆಗೆ ಬೆರಳಲ್ಲಿ ಹಿಸುಕಿದರೆ ಹಪ್ಪಳದಂತೆ ಪುಡಿಯಾಗುತ್ತದೆ.

ಇದು ಹೇಗಾಗುತ್ತದೆ? ಪಾಲಿಥೀನು 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ದೊರೆತ ವಸ್ತು. ಇಂಗಾಲದ ಸಾವಿರಾರು ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ನಿಂತ ಸರಪಳಿಯೇ ಅದರ ಕಾಯ. ಸರಪಳಿಗಳ ನೀಳವೇ ಅದರ ಬಲ. ಸೂರ್ಯನಿಂದ ಬರುವ ನೇರಿಳಾತೀತ ಕಿರಣಗಳಲ್ಲಿ ಅತ್ಯಂತ ಉಗ್ರವಾದವನ್ನು ಓಝೋನಿನ ಪದರ ಮೇಲೆಯೇ ತಡೆಯುತ್ತದೆ. ಸುಮಾರು 290ರಿಂದ 400 ನ್ಯಾನೊಮೀಟರು ಅಲೆಯುದ್ದದವು ನೆಲಕ್ಕೆ ಇಳಿಯುತ್ತವೆ. ಪಾಲಿಥೀನು ಕೇವಲ ಶುದ್ಧವಾಗಿದ್ದರೆ ಈ ಕಿರಣಗಳನ್ನು ಹೀರಿಕೊಳ್ಳುತ್ತಲೇ ಇರಲಿಲ್ಲ. ಆದರೆ ಕಾರ್ಖಾನೆಯ ಕಾವಿನಲ್ಲಿ ಕರಗಿಸಿ ಹಾಳೆ ತೆಗೆಯುವಾಗ ಅಲ್ಲಲ್ಲಿ ಆಮ್ಲಜನಕ ತಗಲಿಕೊಂಡಿರುತ್ತದೆ. ಲೋಹದ ಸೂಕ್ಷ್ಮ ಕಣಗಳು ಉಳಿದಿರುತ್ತವೆ. ಈ ಸಣ್ಣ ಕುಂದುಗಳೇ ಕಿರಣಗಳಿಗೆ ಬಾಗಿಲು. ಕಿರಣದ ಹೊಡೆತಕ್ಕೆ ಕೊಂಡಿಯೊಂದು ಕಳಚಿದರೆ, ಜೊತೆ ತಪ್ಪಿದ ಚೂರು ಗಾಳಿಯ ಆಮ್ಲಜನಕವನ್ನು ಹಿಡಿಯುತ್ತದೆ. ಹಿಡಿದ ಬಲದಿಂದ ನೆರೆಯ ಸರಪಳಿಯ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ನೆರೆಯವನು ಮತ್ತೊಬ್ಬನ ಮೇಲೆ ಬೀಳುತ್ತಾನೆ. ಹೀಗೆ ಊರಿಗೆಲ್ಲ ಹಬ್ಬಿದ ಜಗಳದಂತೆ, ಒಂದು ಕೊಂಡಿಯ ಮುರಿತ ನೂರು ಕೊಂಡಿಗಳನ್ನು ಮುರಿಯುತ್ತದೆ. ಸರಪಳಿ ಗಿಡ್ಡವಾದಂತೆ ಹಾಳೆ ಬಾಗುವ ಗುಣವನ್ನು ಕಳೆದುಕೊಂಡು ಬಿರಿಯುತ್ತದೆ. ಬಿರುಕಿನೊಳಕ್ಕೆ ಮಳೆ ಗಾಳಿಗಳು ಕೈಹಾಕಿ ಚೂರು ಚೂರು ಮಾಡುತ್ತವೆ. ಹೊರಗೆ ಇಡುವ ನೀರಿನ ಟ್ಯಾಂಕಿಗೂ ಪೈಪಿಗೂ ಕಪ್ಪು ಬಣ್ಣವೇಕೆಂಬುದು ಇಲ್ಲಿ ತಿಳಿಯುತ್ತದೆ. ಪೈಪಿನ ಪ್ಲಾಸ್ಟಿಕ್ಕಿನಲ್ಲಿ ಶೇಕಡಾ 2ರಿಂದ 3ರಷ್ಟು ಇಂಗಾಲದ ಮಸಿ ಬೆರೆಸಿರುತ್ತಾರೆ. ಮಸಿ ಕಿರಣವನ್ನು ತಾನೇ ನುಂಗಿ ಸರಪಳಿಯನ್ನು ಕಾಯುತ್ತದೆ.

ಆದ್ದರಿಂದ ಮುಪ್ಪಿನ ವೇಗ ಎಲ್ಲೆಡೆಯೂ ಒಂದೇ ಅಲ್ಲ. ಮುಂಡಗೋಡದ ಹೊಲದ ಬದುವಿನಲ್ಲಿ ಬಿದ್ದ ಚೀಲ ಬೇಗ ಹುಡಿಯಾಗುತ್ತದೆ. ಜೋಯಿಡಾದ ಕಾಡಿನ ನೆರಳಲ್ಲಿ, ತರಗೆಲೆಗಳ ಅಡಿಯಲ್ಲಿ ಬಿದ್ದ ಅದೇ ಚೀಲ ಬಹುಕಾಲ ಹಾಗೆಯೇ ಇರುತ್ತದೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳೀನದಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ದಾಂಡೇಲಿಯ ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಈ ಜಲಾಶಯಗಳ ಹೂಳಿನಲ್ಲಿ ಹೂತ ಪ್ಲಾಸ್ಟಿಕ್ಕಿಗೆ ಬಿಸಿಲಿಲ್ಲ, ಕಾವಿಲ್ಲ, ಸಾಕಷ್ಟು ಆಮ್ಲಜನಕವಿಲ್ಲ; ಅಲ್ಲಿ ಅದಕ್ಕೆ ಮುಪ್ಪೂ ಬಾರದು.

ಬಿಸಿಲಲ್ಲಿ ಬಿದ್ದದ್ದಾದರೂ ಮುಗಿಯಿತೇ? ನಮ್ಮ ಕಣ್ಣು ಮೋಸಹೋಗುವುದು ಇಲ್ಲಿಯೇ. ಕಾಣದಾದದ್ದು ಇಲ್ಲವಾಯಿತೆಂದು ನಾವು ತಿಳಿಯುತ್ತೇವೆ. 5 ಮಿಲಿಮೀಟರಿಗಿಂತ ಕಿರಿದಾದ ಚೂರುಗಳಿಗೆ ಈಗ ಮೈಕ್ರೋಪ್ಲಾಸ್ಟಿಕ್ಕು ಎಂಬ ಹೆಸರು. ಇಂಗ್ಲೆಂಡಿನ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು 2004ರಲ್ಲಿ ಕಡಲಿನ ಮರಳಿನಲ್ಲೂ ನೀರಿನಲ್ಲೂ ಇಂಥ ಕಣಗಳನ್ನು ತೋರಿಸಿಕೊಟ್ಟ ಮೇಲೆ ಆ ಹೆಸರು ಲೋಕಪ್ರಸಿದ್ಧವಾಯಿತು. ಅನಂತರ ಅವು ಮೀನಿನ ಹೊಟ್ಟೆಯಲ್ಲಿ ಕಂಡವು, ಉಪ್ಪಿನಲ್ಲಿ ಕಂಡವು, ಮನುಷ್ಯನ ರಕ್ತದಲ್ಲಿಯೂ ಕಂಡವು. ಬಿಸಿಲು ತುಂಡರಿಸಿದ ಸರಪಳಿಗಳನ್ನು ಸೂಕ್ಷ್ಮಜೀವಿಗಳು ತಿನ್ನಬಲ್ಲವಾದರೂ ಆ ಊಟ ತೀರ ನಿಧಾನ. ಗೆದ್ದಲಿಗೆ ಮರ ಹೊಸತಲ್ಲ. ಮಣ್ಣಿನ ಜೀವಿಗಳಿಗೆ ಪ್ಲಾಸ್ಟಿಕ್ಕು ನಿನ್ನೆ ಮೊನ್ನೆಯ ಅತಿಥಿ.

ಇದಕ್ಕೆ ಎದುರಾದ ಸಂಪ್ರದಾಯವೂ ಇದೇ ಸೀಮೆಯಲ್ಲಿದೆ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಈ ಕಾಡಿನ ಬಿದಿರನ್ನು ಪುಸ್ತಕದ ಹಾಳೆಯಾಗಿಸಿತು. ಕಾಗದಕ್ಕೂ ಬಿಸಿಲು ಶತ್ರುವೇ; ಅದರಲ್ಲಿ ಉಳಿದ ಲಿಗ್ನಿನು ಬೆಳಕಿಗೆ ಹಳದಿಯಾಗುತ್ತದೆ. ಆದರೆ ಹಳದಿಯಾದ ಹಾಳೆ ಒಂದು ದಿನ ಮಣ್ಣಾಗಿ, ಮತ್ತೆ ಬಿದಿರಿನ ಬೇರಿಗೆ ಸೇರಬಲ್ಲುದು. ಹಳಿಯಾಳ ಮುಂಡಗೋಡಗಳ ಸಿದ್ದಿ ಹೆಂಗಳೆಯರು ಪಿಸಿದ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾರೆ. ಅವರ ಕೈಯಲ್ಲಿ ಹರಿದದ್ದು ಹೊದಿಕೆಯಾಗುತ್ತದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟ್ಟಿನವರು ಪ್ರಾರ್ಥನೆಯ ಐದು ಬಣ್ಣದ ಪತಾಕೆಗಳನ್ನು ಗಾಳಿಗೆ ಕಟ್ಟುತ್ತಾರೆ. ಬಣ್ಣ ಮಾಸಿ ಎಳೆ ಸಡಿಲುವುದು ಅವರಿಗೆ ಅಮಂಗಳವಲ್ಲ. ಪ್ರಾರ್ಥನೆಯನ್ನು ಗಾಳಿ ಲೋಕಕ್ಕೆ ಒಯ್ದಿತೆಂದು ಅವರ ನಂಬಿಕೆ. ಹತ್ತಿಯ ಪತಾಕೆ ಹೀಗೆ ಸವೆದು ನೆಲಕ್ಕೆ ಸೇರುತ್ತಿತ್ತು. ಈಗ ಪೇಟೆಯಲ್ಲಿ ಪಾಲಿಯೆಸ್ಟರಿನ ಪತಾಕೆಗಳೂ ದೊರೆಯುತ್ತವೆ. ಅವುಗಳಿಂದ ಗಾಳಿ ಪ್ರಾರ್ಥನೆಯ ಜೊತೆಗೆ ನೂಲಿನ ಧೂಳನ್ನೂ ಒಯ್ಯುತ್ತದೆ.

ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಆದರೆ ಕೊಟ್ಟೆಯನ್ನೂ ಹೊದಿಕೆಯನ್ನೂ ರೈತ ಒಮ್ಮೆಗೇ ಬಿಟ್ಟಾನೆಂದು ನಿರೀಕ್ಷಿಸಲಾಗದು. ಅವನ ವರ್ಷದ ಬೆಳೆ ಅದರ ಕೆಳಗಿದೆ. ಅವನಿಗೆ ಹೇಳಬೇಕಾದ ಮಾತು ಬೇರೆ. ಈ ವಸ್ತುವಿಗೆ ಆಯುಸ್ಸಿನ ಲೆಕ್ಕವಿರುವುದು ಬಿಸಿಲಲ್ಲಿ. ಹಾಳೆ ಇನ್ನೂ ಹಾಳೆಯಾಗಿರುವಾಗ ಅದನ್ನು ಮಡಿಸಿ ತರಬಹುದು, ಕರಗಿಸುವವರಿಗೆ ಕೊಡಬಹುದು. ಹುಡಿಯಾದ ಮೇಲೆ ಅದನ್ನು ಹೆಕ್ಕುವ ಕೈ ಲೋಕದಲ್ಲಿ ಇಲ್ಲ. ಮಳೆಗಾಲ ಮುಗಿದೊಡನೆ ಕೊಟ್ಟೆ ಬಿಚ್ಚಿ, ಹೊದಿಕೆ ಇಳಿಸಿ, ಬಿಸಿಲಿಗೆ ಬಿಡದೆ ಒಳಗೆ ಇಟ್ಟರೆ ಅದು ಇನ್ನೊಂದು ಮಳೆಗೂ ಒದಗುತ್ತದೆ; ಮಂಕಾದುದನ್ನು ಬಿರಿಯುವ ಮುನ್ನವೇ ಬೇರ್ಪಡಿಸಿದರೆ ತೋಟದ ಮಣ್ಣು ಉಳಿಯುತ್ತದೆ. ತಾನು ಅರಗಿಸಿಕೊಳ್ಳಲಾರದ್ದನ್ನು ಮಣ್ಣು ಬಾಯಿಬಿಟ್ಟು ಹೇಳುವುದಿಲ್ಲ; ಅದರ ಪರವಾಗಿ ನಾವೇ ತಿಳಿದುಕೊಳ್ಳಬೇಕು.