ಲೋಹಶಿರಸ್ಸುಗಳಲ್ಲಿ ರೂಪಸಂಕ್ಷೇಪ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು ಕ್ರಿ. ಶ. ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನು ಕಂಡವರಿಗೆ ಹೊಯ್ಸಳ ಶಿಲ್ಪಿಗಳ ಅಲಂಕಾರಪ್ರಿಯತೆಯನ್ನು ವಿವರಿಸಬೇಕಾದುದಿಲ್ಲ. ಬಳಪದ ಕಲ್ಲು ಉಳಿಗೆ ಮೃದುವಾದುದರಿಂದ ಕೇಶಪಾಶ ಕುಂಡಲ ಹಾರಗಳು ಎಳೆಯೆಳೆಯಾಗಿ ಮೂಡಿವೆ. ಅದಕ್ಕೆ ಒಗ್ಗಿದ ಕಣ್ಣು ಕಡೂರು ಅಜ್ಜಂಪುರಗಳ ಕಡೆಯ ಬಯಲುಸೀಮೆಯಲ್ಲಿ ಗ್ರಾಮದೇವತೆಯ ಹಿತ್ತಾಳೆಯ ಮುಖವನ್ನು ಕಂಡಾಗ, ಇದು ಅಪಕ್ವವಾದ ಕೆಲಸವೆಂದು ನಿರ್ಣಯಿಸಿಬಿಡುವುದುಂಟು. ಈ ನಿರ್ಣಯವು ವಿಚಾರಕ್ಕೆ ನಿಲ್ಲುವುದಿಲ್ಲ.

ಶಿಲ್ಪಶಾಸ್ತ್ರದಲ್ಲಿ ಮುಖವೇ ಅಳತೆಗೆ ಮೂಲವು. ೧೨ ಅಂಗುಲದ ಮುಖವು ಒಂದು ತಾಲ. ಕೇಶಾಂತದಿಂದ ಹುಬ್ಬು, ಹುಬ್ಬಿನಿಂದ ನಾಸಾಗ್ರ, ಅಲ್ಲಿಂದ ಗದ್ದ, ಹೀಗೆ ೪ ಅಂಗುಲಗಳ ಮೂರು ಭಾಗಗಳು. ಇವು ನೆಲೆಯಾಗಿ ನಿಂತರೆ ಮಿಕ್ಕುದನ್ನು ಬಿಟ್ಟರೂ ಮುಖವು ಮುಖವೇ ಸರಿ. ರುಮೇನಿಯದಲ್ಲಿ ೧೮೭೬ರಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲಸಿದ ಬ್ರಾಂಕೂಸಿಗೆ ತಾಲಮಾನದ ಪರಿಚಯವಿದ್ದಿತೆಂದು ಭಾವಿಸಬೇಕಾಗಿಲ್ಲ. ಆದರೂ ಆತನ ೧೯೧೦ರ ‘ನಿದ್ರಿಸುವ ಕಲಾದೇವಿ’ ಎಂಬ ಕಂಚಿನ ಶಿರಸ್ಸಿನಲ್ಲಿ ಕೊರಳೇ ಇಲ್ಲ. ತಲೆಯು ಮೊಟ್ಟೆಯಂತೆ ಒರಗಿದೆ. ಮೂಗಿನ ಏಣು, ರೆಪ್ಪೆಗಳ ಸುಳಿವು, ತುಟಿ, ಇಷ್ಟೇ ಪ್ರಧಾನ. ಲೋಥಲಿನಲ್ಲಿ ೧೯೩೩ರಲ್ಲಿ ಜನಿಸಿ ೨೦೨೫ರಲ್ಲಿ ಗತಿಸಿದ ಹಿಮ್ಮತ್ ಷಾ ಅವರ ಕಂಚಿನ ತಲೆಗಳಲ್ಲಿ ಅನೇಕ ವೇಳೆ ಅಷ್ಟೂ ಉಳಿದಿಲ್ಲ.

ಲೋಹದ ಸ್ವಭಾವಕ್ಕೂ ಈ ಸಂಕ್ಷೇಪಕ್ಕೂ ಸಂಬಂಧವಿದೆ. ಮೇಣದ ಪ್ರತಿಮೆಗೆ ಮಣ್ಣು ಬಳಿದು, ಕಾಯಿಸಿ, ಮೇಣವು ಕರಗಿ ಹರಿದ ಎಡೆಗೆ ಲೋಹವನ್ನು ಹೊಯ್ಯುವ ವಿಧಾನವನ್ನು ಚಾಲುಕ್ಯ ಮೂರನೆಯ ಸೋಮೇಶ್ವರನ ‘ಅಭಿಲಷಿತಾರ್ಥಚಿಂತಾಮಣಿ’ಯು ಹೇಳುತ್ತದೆ. ಮೇಣದ ತೂಕಕ್ಕೆ ಬೆಳ್ಳಿಯಾದರೆ ೧೨ ಪಾಲು, ಬಂಗಾರವಾದರೆ ೧೬ ಪಾಲು ಎಂಬ ಲೆಕ್ಕವೂ ಅಲ್ಲಿದೆ. ಮೇಣವು ಬೆರಳಿಗೆ ಮಣಿಯುವ ವಸ್ತುವಾದುದರಿಂದ ಗಲ್ಲದ ದುಂಡು ಅದರಲ್ಲಿ ಸಹಜವಾಗಿ ಬರುತ್ತದೆ. ತಗಡನ್ನು ಬಡಿದು ಎಬ್ಬಿಸಿದ ಮುಖದ ವಿಷಯವೇ ಬೇರೆ. ಅಲ್ಲಿ ಅಳತೆಮೀರಿ ತಗ್ಗಿಸಿದರೆ ತಗಡು ಸೀಳುವುದು. ಕೆಲಸ ಬಲ್ಲವನೇ ಕೆಲವು ಗೆರೆಗಳಲ್ಲಿ ನಿಲ್ಲಿಸುವನು. ಉತ್ಸವದ ರಾತ್ರಿ ಪಂಜಿನ ಬೆಳಕಿನಲ್ಲಿ ದೂರ ನಿಂತ ಭಕ್ತನಿಗೆ ಕಾಣಬೇಕಾದುದು ಆಭರಣದ ಕುಸುರಿಯಲ್ಲ, ದೇವಿಯ ಕಣ್ಣು.

ಆದರೆ ಸಂಶೋಧಕನು ಇಲ್ಲಿ ಎಚ್ಚರ ತಪ್ಪಬಾರದು. ಸರಳವಾಗಿ ಕಂಡುದೆಲ್ಲ ಶಿಲ್ಪಿಯು ಸರಳವಾಗಿಸಿದುದಲ್ಲ. ವರ್ಷವರ್ಷವೂ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ಮುಖದಲ್ಲಿ ಮೊದಲು ಹುಬ್ಬು, ಆಮೇಲೆ ಮೂಗಿನ ತುದಿ ಸವೆಯುತ್ತವೆ. ಕೈ ತಲಪದ ಎಡೆಗಳಲ್ಲಿ, ಎಂದರೆ ಕಿವಿಯ ಹಿಂಬದಿಯಲ್ಲಿ, ಮೂಗಿನ ಬುಡದಲ್ಲಿ, ಕಿರೀಟದ ಸಂದಿನಲ್ಲಿ ಕೆತ್ತನೆಯು ಉಳಿದಿದ್ದರೆ ಅದು ಸವೆತ. ಅಲ್ಲಿಯೂ ಮೈ ನುಣುಪಾಗಿದ್ದರೆ ಶಿಲ್ಪಿಯ ಸಂಕಲ್ಪ. ತಗಡಿನ ಮುಖವಾದರೆ ಒಳಮೈಯೇ ಉತ್ತಮ ಸಾಕ್ಷಿ, ಅದನ್ನು ಯಾರೂ ತಿಕ್ಕುವುದಿಲ್ಲ. ಮುಕ್ಕಾದ ಮುಖವನ್ನು ಕರಗಿಸಿ ಹೊಸದನ್ನು ಮಾಡಿಸುವ ಊರುಗಳಲ್ಲಿ, ಅದು ಮೂಸೆಗೆ ಬೀಳುವ ಮುನ್ನ ಒಳಹೊರಗುಗಳೆರಡರ ಛಾಯಾಚಿತ್ರವನ್ನು ತೆಗೆದಿಡುವುದು ಅರ್ಧ ದಿನದ ಕೆಲಸವಷ್ಟೆ.